ಅತ್ತೆಗೆ ಇಂಟರ್ನೆಟ್ ಓದಿ ಹೇಳಿದ್ದು

ಶಿರಸಿಯ ಬಸ್‌ಸ್ಟ್ಯಾಂಡಿನ ಎದುರಿಗೆ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನು ಹತ್ತಿರ ಹತ್ತಿರ ಒಂದು ವರ್ಷ ಇಂಟರ್ನೆಟ್ ಪಾಠ ಹೇಳಿದೆ. ಆ ಒಂದು ವರ್ಷದಲ್ಲಿ ನಾನಾಗಲಿ ನನ್ನ ವಿದ್ಯಾರ್ಥಿಗಳಾಗಲಿ ಇಂಟರ್ನೆಟ್ಟನ್ನು ಕಣ್ಣಲ್ಲಿ ಕಂಡಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಇದ್ದದ್ದು ಸಿದ್ದಾಪುರದಲ್ಲಿ. ಅಪ್ಪಯ್ಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಾನು ಬೆಳಿಗ್ಗೆ ಬಸ್ಸು ಹತ್ತಿ ಶಿರಸಿಗೆ ಬಂದು, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮಾಡಿ, ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದೆ. ಕ್ಲಾಸಿನ ಮಾಲೀಕರು ಕುಮಟಾ ಕಡೆಯವರು. ಮೊದಲು ಅಲ್ಲೇ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳಿಗೆಲ್ಲ ಹಳೆಯ ಸೀರೆ ಹೊದಿಸಿ ಮೂಲೆಗೆ ಸರಿಸಿ, ಆ ಜಾಗದಲ್ಲಿ ನಾಲ್ಕು ಕಂಪ್ಯೂಟರು ಇಟ್ಟಿದ್ದರು. ಡಿಪ್ಲೊಮಾದ ಪಠ್ಯ ಬೆಂಗಳೂರಿನಿಂದ ಬರುತ್ತಿತ್ತು. ಆ ವರ್ಷದ ಪಠ್ಯದಲ್ಲಿ ಹೊಸದಾಗಿ 'ಇಂಟರ್ನೆಟ್' ಎಂಬ ಒಂದು ವಿಷಯ ಸೇರಿಕೊಂಡಿತು. ಪಠ್ಯ ಬಂತು, ಪುಸ್ತಕ ಬಂತು. ಇಂಟರ್ನೆಟ್ ಮಾತ್ರ ಬರಲಿಲ್ಲ.

ಹಾಗಾಗಿ ನಾನು ಅದನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ. ದೊಡ್ಡದೊಂದು ಚೌಕ. ಅದರ ತಲೆಯ ಮೇಲೆ ವಿಳಾಸ ಬರೆಯುವ ಪಟ್ಟಿ. ಎಡಕ್ಕೊಂದು ಬಾಣ ಹಿಂದೆ ಹೋಗಲು, ಬಲಕ್ಕೊಂದು ಬಾಣ ಮುಂದೆ ಹೋಗಲು. ಹುಡುಗಿಯರು ಸ್ಕೇಲು ಪೆನ್ಸಿಲು ಹಿಡಿದು ಅದನ್ನು ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಿದ್ದರು, ವಿಜ್ಞಾನದ ನೋಟುಬುಕ್ಕಿನಲ್ಲಿ ಹೂವಿನ ಭಾಗಗಳನ್ನು ಬರೆದ ಹಾಗೆ. ಪುಸ್ತಕದಲ್ಲಿ ಉದಾಹರಣೆಗೆಂದು ಕೊಟ್ಟ ಒಂದು ವಿಳಾಸವಿತ್ತು. ಅದನ್ನು ನಾನು ಎಷ್ಟು ಸಲ ಹಲಗೆಯ ಮೇಲೆ ಬರೆದಿದ್ದೆನೆಂದರೆ, ನಮ್ಮ ಮನೆಯ ವಿಳಾಸಕ್ಕಿಂತ ಅದೇ ಬಾಯಿಗೆ ಸಲೀಸಾಗಿ ಬರುತ್ತಿತ್ತು.

ಬನವಾಸಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತು ಕೇಳಿದಳು: "ಮೇಡಂ, ರಾತ್ರಿ ಅದನ್ನ ಬಂದ್ ಮಾಡ್ತಾರೇನ್ರಿ?"

"ಇಲ್ಲ, ಅದು ಯಾವಾಗಲೂ ನಡೆಯುತ್ತಿರುತ್ತದೆ" ಎಂದೆ. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಆದರೆ ಹೇಳಿ ಮುಗಿಸುವಾಗ ಕೈಯಲ್ಲಿದ್ದ ಸೀಮೆಸುಣ್ಣ ತುಂಡಾಯಿತು. ಎಲ್ಲಿ ನಡೆಯುತ್ತಿರುತ್ತದೆ, ಯಾರು ನಡೆಸುತ್ತಾರೆ, ನೋಡಲು ಹೇಗಿರುತ್ತದೆ, ಒಂದೂ ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಪಾಠದ ನಡುವೆ ಕಿಟಕಿಯ ಹತ್ತಿರ ಹೋಗುತ್ತಿದ್ದೆ, ವಾಪಸು ಬರುತ್ತಿದ್ದೆ, ಒರೆಸಿದ ಹಲಗೆಯನ್ನೇ ಮತ್ತೆ ಒರೆಸುತ್ತಿದ್ದೆ.

ಮಾಲೀಕರ ಹತ್ತಿರ ಹೇಳಿಕೊಂಡೆ. ಅವರು ಎಲೆಯಡಿಕೆಯ ಕವಳ ಹಾಕುತ್ತ ನಕ್ಕರು. ಹೆಣ್ಣುಮಕ್ಕಳನ್ನೆಲ್ಲ ಅವರು ಕರೆಯುತ್ತಿದ್ದುದೇ 'ಬಾಯಿ' ಎಂದು.

"ಅಲ್ಲ ಬಾಯಿ, ಮಂಗಳಗ್ರಹಕ್ಕೆ ಯಾರಾದ್ರೂ ಹೋಗಿ ಬಂದಿದ್ದಾರಾ? ಶಾಲೆಲಿ ಕಲಿಸೂದಿಲ್ವಾ?"

ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಇದೇ ಹೊತ್ತಿಗೆ ನನಗೊಂದು ಸಂಬಂಧ ಬಂತು. ತಂದವಳು ಶಿರಸಿಯಲ್ಲಿ ನಮ್ಮ ಕ್ಲಾಸಿನ ಹಿಂದಿನ ಕೇರಿಯಲ್ಲಿ ಒಬ್ಬಳೇ ಇದ್ದ ಒಬ್ಬ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನ ಅಮ್ಮನಿಗೆ, ಅಂದರೆ ಆಯಿಗೆ, ಹಳೆಯ ಪರಿಚಯ. ನಾನು ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಹುಡುಗ ಅವಳ ಖಾಸಾ ಅಣ್ಣನ ಮಗ, ಹಾಗಾಗಿ ಅವನಿಗೂ ಅವಳು ಅತ್ತೆಯೇ. ಅವನು ಯಲ್ಲಾಪುರ ಪೇಟೆಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ. ಅರಬೈಲ್ ಘಟ್ಟದವರೆಗೂ ಹೋಗಿ ಮನೆಮನೆಯ ಮೇಲೆ ಡಿಶ್ ಆಂಟೆನಾ ಕೂರಿಸಿ ಬರುತ್ತಿದ್ದ.

ಹೆಣ್ಣು ನೋಡಲು ಬಂದ ದಿನ ಅವನ ತಂದೆ ಉತ್ಸಾಹದಲ್ಲಿದ್ದರು. "ನಮ್ಮ ಮಾಣಿದು ಡಿಶ್ಶು, ಕೂಸಿಂದು ಇಂಟರ್ನೆಟ್ಟು. ಇಬ್ರದ್ದೂ ಒಂದೇ ಲೈನು ಆತು" ಎಂದರು, ಹುಡುಗನನ್ನೂ ನನ್ನನ್ನೂ ತೋರಿಸಿ. ಎಲ್ಲರೂ ನಕ್ಕರು.

ಹುಡುಗ ನನ್ನ ಕಡೆ ತಿರುಗಿ ಕೇಳಿದ: "ಅದು ಎಂತದು ಹೇಳಿ? ಹೇಂಗಿರ್ತು ನೋಡಲೆ?"

ನಾನು ಪುಸ್ತಕದ ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲೇ ಒಪ್ಪಿಸಿದೆ. ಅವನು ತಲೆ ಆಡಿಸಿದ. ಆಮೇಲೆ, ಸುಮ್ಮನೆ ಮಾತಿಗೆಂಬಂತೆ, "ನಿಂಗ ನೋಡಿದ್ರಾ ಅದನ್ನ?" ಎಂದ.

"ಇಲ್ಲೆ. ಆನು ಇನ್ನೂ ನೋಡಿದ್ನಿಲ್ಲೆ" ಎಂದು ನಿಜವನ್ನೇ ಹೇಳಿದೆ.

ಆಯಿಯ ಕೈಯಲ್ಲಿದ್ದ ಹರಿವಾಣ ಅಲ್ಲೇ ನಿಂತಿತು. ಅವರೆಲ್ಲ ಹೋದ ಮೇಲೆ ಆಯಿ ನನ್ನ ಮೇಲೆ ಹಾರಿಬಿದ್ದಳು.

"ನೋಡಿದ್ದೆ ಹೇಳಿದ್ರೆ ಎಂತ ಆಗ್ತಿತ್ತೇ ನಿಂಗೆ?"

"ಮುಂದೆ ಮತ್ತೆಂತಾರೂ ಕೇಳಿದ್ರೆ?"

"ಕೇಳ್ತಿದ್ವಿಲ್ಲೆ. ಅವಕ್ಕೆ ಗೊತ್ತಿದ್ದಾ ಅದು?"

ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ವಾರ ಕಳೆಯುವುದರೊಳಗೆ ಅತ್ತೆ ಕ್ಲಾಸಿನ ಮೆಟ್ಟಿಲು ಹತ್ತಿ ಬಂದಳು, ಒಂದು ಕೈ ಗೋಡೆಗೆ ಹಿಡಿದುಕೊಂಡು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಅಣ್ಣನ ಮಗ ಯಲ್ಲಾಪುರದಲ್ಲಿ ಬಸ್ಸು ಹತ್ತುತ್ತಾನಂತೆ, ಶಿರಸಿಯಿಂದ ಅಲ್ಲಿಯವರೆಗೆ ಜೊತೆಗೊಬ್ಬರು ಬೇಕಂತೆ.

"ಹುಬ್ಬಳ್ಳಿಲಿ ನಿನ್ನ ಆ ಇಂಟರ್ನೆಟ್ಟೋ ಎಂತದೋ ಇದ್ದಡ. ಮಾಣಿ ಹೇಳ್ದ. ಬಾರೆ ಕೂಸೆ, ನನ್ನ ಕಣ್ಣೂ ತೋರ್ಸಿದ ಹಂಗಾತು, ನಿಂಗೂ ನೋಡಿದ ಹಂಗಾತು."

ಇದರಲ್ಲಿ ಹುಡುಗ ಹುಡುಗಿ ಒಂದಿಷ್ಟು ಮಾತಾಡಲಿ ಎಂಬ ಲೆಕ್ಕಾಚಾರವೂ ಇತ್ತೆಂದು ಎಲ್ಲರಿಗೂ ಗೊತ್ತಿತ್ತು. ಆಯಿ ಒಪ್ಪಲು ಎರಡು ದಿನ ತೆಗೆದುಕೊಂಡಳು. ನನಗೆ ಮಾತ್ರ ಹುಡುಗನ ಯೋಚನೆಗಿಂತ ಆ ಇನ್ನೊಂದರ ಯೋಚನೆಯೇ ಹೆಚ್ಚಾಗಿತ್ತು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತಿದ್ದಳು. ಯಲ್ಲಾಪುರದಲ್ಲಿ ಹುಡುಗ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಅತ್ತೆ ಹೊರಗಿನ ಕಾಡನ್ನು ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. "ಎಲ್ಲ ಹಬೆ ಕಟ್ಟಿದ ಹಂಗೆ ಕಾಣ್ತು" ಎಂದಳು. ನಾನು ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಲು ಹೋದೆ. "ಗಾಜಲ್ಲ ಕೂಸೆ, ನನ್ನ ಕಣ್ಣು" ಎಂದು ನಕ್ಕಳು.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಗಂಟೆಗಟ್ಟಲೆ ಕೂರಿಸಿದರು. ಡಾಕ್ಟರು ನೋಡಿ, ಆಪರೇಷನ್ ಮಾಡಬೇಕು ಎಂದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲಿ ಏನಾದ್ರೂ ತೊಂದರೆ ಆಗೂದುಂಟಾ?"

"ಏನೂ ಆಗಲ್ಲಮ್ಮ. ಸುಮ್ನೆ ಬಂದು ಮಲಕ್ಕೊಳ್ಳಿ" ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಅತ್ತೆಯ ಮುಖ ಬಿಗಿದುಕೊಂಡಿತ್ತು. ಅವಳ ಗಂಡನಿಗೂ ಹೊಟ್ಟೆಯ ಆಪರೇಷನ್ನಿಗೆ ಮುಂಚೆ ಹೀಗೇ ಹೇಳಿದ್ದರಂತೆ. ಅವನು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. "ಎಂತೂ ಆಗ್ತಿಲ್ಲೆ ಹೇಳವರಿಗೇ ಆನು ಹೆದರ್ತೆ" ಎಂದಳು.

ಇಂಟರ್ನೆಟ್ ಇದ್ದದ್ದು ಒಂದು ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಪ್ಲೈವುಡ್ ಹಲಗೆ ನಿಲ್ಲಿಸಿ ಗೂಡುಗಳನ್ನು ಮಾಡಿದ್ದರು. ಒಂದು ಗೂಡಿನಲ್ಲಿ ಒಬ್ಬರು ಕೂರುವಷ್ಟು ಜಾಗ. ನಾವು ಮೂವರೂ ಅದರಲ್ಲೇ ಸೇರಿಕೊಂಡೆವು. ನಡುವೆ ಅತ್ತೆ. ಹನಿಯ ಪರಿಣಾಮ ಇನ್ನೂ ಇಳಿದಿರಲಿಲ್ಲ. ಪರದೆಯ ಬೆಳಕು ಚುಚ್ಚುತ್ತದೆ ಎಂದು ಕಣ್ಣಿಗೆ ಸೆರಗು ಅಡ್ಡ ಹಿಡಿದಿದ್ದಳು.

"ಕುಂದರ್ರಿ. ಲೈನ್ ಹತ್ತಾಕ ಸ್ವಲ್ಪ ಟೈಮ್ ಹಿಡಿತೈತ್ರಿ" ಎಂದ ಅಂಗಡಿಯವನು. ಮೋಡೆಮ್ ಕಿರುಗುಟ್ಟಿತು, ಗೊಗ್ಗರು ಧ್ವನಿಯಲ್ಲಿ ಏನೋ ಹೇಳಿತು, ಸುಮ್ಮನಾಯಿತು. ನನ್ನ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು.

ಕೊನೆಗೆ ಅದು ತೆರೆಯಿತು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚೌಕವೇ. ಆ ಬಾಣಗಳು, ಆ ಪಟ್ಟಿ. ಬಾಯಿಪಾಠವಾಗಿದ್ದ ಆ ಪುಸ್ತಕದ ವಿಳಾಸವನ್ನು ಟೈಪು ಮಾಡಿದೆ. ಬಹಳ ಹೊತ್ತು ಕಾದ ಮೇಲೆ ಒಂದು ಬಿಳಿ ಪುಟ ಬಂತು. ಅಂಥದ್ದೊಂದು ಇಲ್ಲ ಎಂದು ಅದರಲ್ಲಿ ಬರೆದಿತ್ತು. ಮತ್ತೆ ಟೈಪು ಮಾಡಿದೆ. ಮತ್ತೆ ಅದೇ.

ಅಂಗಡಿಯವನು ಬಗ್ಗಿ ನೋಡಿ, ಹುಡುಕುವ ಪುಟವೊಂದನ್ನು ತೆರೆದುಕೊಟ್ಟ. "ಅದು ಬರೇ ಪುಸ್ತಕದಾಗಿನ ಅಡ್ರೆಸ್ ಇರಬೇಕ್ರಿ. ನಿಮಗೇನ್ ಬೇಕು ಅದನ್ನ ಟೈಪ್ ಮಾಡ್ರಿ."

ನನಗೇನು ಬೇಕು? ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೈ ಕೀಲಿಗಳ ಮೇಲೆ ಹಾಗೇ ನಿಂತಿತು. ಹುಡುಗ, "ಶಿರ್ಸಿ ಹೇಳಿ ಹಾಕಿ ನೋಡನ" ಎಂದ. ಹಾಕಿದೆ. ಶಿರಸಿ ಬಂತು. ಆದರೆ ಅದು ಉತ್ತರ ಪ್ರದೇಶದ ಯಾವುದೋ ಶಿರಸಿ.

"ಎಂತ ಕಾಣ್ತಾ ಇದ್ದು? ಒಬ್ರಾರೂ ಹೇಳಿ" ಎಂದಳು ಅತ್ತೆ.

"ನಮ್ಮ ಶಿರ್ಸಿ ಬಂತು ಅತ್ತೆ. ಪೇಟೆ, ಬಸ್‌ಸ್ಟ್ಯಾಂಡು, ಎಲ್ಲ ಕಾಣ್ತು" ಎಂದ ಹುಡುಗ, ನನ್ನ ಕಡೆ ಕಣ್ಣು ಮಿಟುಕಿಸಿ.

"ಇಲ್ಲೆ ಅತ್ತೆ. ಅದು ಬೇರೆ ಶಿರ್ಸಿ. ನಮ್ಮದು ಇದರಲ್ಲಿ ಇಲ್ಲೆ" ಎಂದೆ.

ಅತ್ತೆ ಸೆರಗಿನ ಹಿಂದಿನಿಂದಲೇ ಕೇಳಿದಳು: "ಎಂತ ಕೇಳಿದ್ರೂ ಹೇಳ್ತಾ ಅದು?"

"ಅದಕ್ಕೆ ಗೊತ್ತಿದ್ದಷ್ಟು ಹೇಳ್ತು."

"ಹಂಗಾರೆ ನನ್ನ ಕಣ್ಣಿನ ಆಪರೇಷನ್ ಕೇಳು."

ಕಣ್ಣಿನ ಪೊರೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಡಾಕ್ಟರ ಚೀಟಿಯಲ್ಲಿತ್ತು. ಅಕ್ಷರ ನೋಡಿ ನೋಡಿ ಹೊಡೆದೆ. ಯಾವುದೋ ದೇಶದ ಒಂದು ಆಸ್ಪತ್ರೆಯ ಪುಟ ತೆರೆಯಿತು. ಅಕ್ಷರ ಮೊದಲು ಬಂತು. ಚಿತ್ರ ಮೇಲಿನಿಂದ ಕೆಳಗೆ, ಪರದೆ ಇಳಿಬಿಟ್ಟ ಹಾಗೆ, ಗೆರೆ ಗೆರೆಯಾಗಿ ಇಳಿಯತೊಡಗಿತು. ಮೊದಲು ಹುಬ್ಬು, ಆಮೇಲೆ ರೆಪ್ಪೆ. ನಾನು ಓದುತ್ತ ಹೋದೆ, ಓದಿದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಕಣ್ಣಿನೊಳಗೆ ಮಸೂರವೆಂದು ಒಂದಿರುತ್ತದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಮಬ್ಬಾದದ್ದನ್ನು ತೆಗೆದು ಬೇರೆಯದೊಂದನ್ನು ಇಡುತ್ತಾರೆ. ಅತ್ತೆ ಪ್ರತಿ ಮಾತಿಗೂ "ಹೂಂ" ಎನ್ನುತ್ತಿದ್ದಳು. ಹಲಗೆಯ ಮುಂದೆ ನಿಂತು ಅಷ್ಟು ತಿಂಗಳು ಪಾಠ ಹೇಳುವಾಗ ನನಗೆ ಒಮ್ಮೆಯೂ ಆಗದ ಒಂದು ನೆಮ್ಮದಿ ಆ ಗೂಡಿನಲ್ಲಿ ಒಂದಿಷ್ಟು ಹೊತ್ತು ಆಯಿತು.

"ನೋವಾಗ್ತಾ ಕೇಳು."

ನಾನು ಆ ಸಾಲು ಹುಡುಕುವುದರೊಳಗೆ ಹುಡುಗ ಹೇಳಿಬಿಟ್ಟ: "ಒಂಚೂರೂ ನೋವಾಗ್ತಿಲ್ಲೆ ಹೇಳಿ ಬರದಿದ್ದು ಅತ್ತೆ."

"ಹಂಗೆ ಬರದಿದ್ದಿಲ್ಲೆ" ಎಂದೆ. ಬಾಯಿ ತಡೆಯಲಿಲ್ಲ. "ಸ್ವಲ್ಪ ಒತ್ತಿದ ಹಂಗೆ ಆಗ್ತಡ. ಆಮೇಲೆ ಒಂದೆರಡು ದಿನ ಕಣ್ಣೊಳಗೆ ಮರಳು ಬಿದ್ದ ಹಂಗೆ ಇರ್ತಡ."

ಹುಡುಗ ಅತ್ತೆಯ ಬೆನ್ನ ಹಿಂದಿನಿಂದ ನನಗೆ ಬೇಡವೆಂದು ಕೈಸನ್ನೆ ಮಾಡಿದ. ಅತ್ತೆಗೆ ಕಣ್ಣು ಕಾಣದಿದ್ದರೂ ಅದು ಹೇಗೋ ಗೊತ್ತಾಯಿತು.

"ನೀ ಸುಮ್ಮಂಗಿರು ಮಾಣಿ. ಕೂಸೆ, ಮತ್ತೆಂತ ಇದ್ದು ಅದರಲ್ಲಿ?"

ಪುಟದ ಕೆಳಗೆ ನೀಲಿ ಅಕ್ಷರದ ಸಾಲುಗಳಿದ್ದವು. ಒತ್ತಿದರೆ ಬೇರೆ ಪುಟಕ್ಕೆ ಹೋಗುವಂಥವು. ಕೊನೆಯದು, ಏನೇನು ತೊಂದರೆ ಆಗಬಹುದು ಎಂಬುದು. ಅದನ್ನು ಓದಿ ಹೇಳಿದೆ.

"ಅದೇ ಬೇಕಾಗಿದ್ದು. ಅದನ್ನ ತೆಗಿ."

ಒತ್ತಿದೆ. ಪುಟ ಬಿಳಿಯಾಯಿತು. ಮೂಲೆಯಲ್ಲಿ ಚಿಕ್ಕ ಚಿತ್ರ ತಿರುಗುತ್ತಿತ್ತು. ಕಾದೆವು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅಷ್ಟರಲ್ಲಿ ಲೈನು ಕಡಿಯಿತು.

ಅಂಗಡಿಯವನು ಮತ್ತೆ ಮತ್ತೆ ಡಯಲ್ ಮಾಡಿದ. "ಈಗ ಹತ್ತಂಗಿಲ್ರಿ. ಸಂಜಿಗೆ ಬರ್ರಿ" ಎಂದ. ಸಂಜೆಯವರೆಗೆ ಕೂತರೆ ನಮ್ಮ ಬಸ್ಸು ತಪ್ಪುತ್ತಿತ್ತು.

ವಾಪಸು ಬರುವಾಗ ಕಲಘಟಗಿ ದಾಟುವಷ್ಟರಲ್ಲಿ ಅತ್ತೆ ಕಿಟಕಿಗೆ ತಲೆ ಆನಿಸಿದ್ದಳು. ಆಮೇಲೆ ಹುಡುಗ ಹಿಂದಿನ ಸೀಟಿನಿಂದ ಮುಂದೆ ಬಗ್ಗಿ ಮೆಲ್ಲಗೆ ಹೇಳಿದ: "ಆ ಕೊನೆ ಸಾಲನ್ನ ಒತ್ತಕಾಗಿತ್ತಾ? ನೋವಿಲ್ಲೆ ಹೇಳಿದ್ರೆ ಅತ್ತೆ ಪಾಪ, ಧೈರ್ಯದಲ್ಲಿ ಮಾಡಿಸ್ಕತ್ತಿತ್ತು."

"ಅದರಲ್ಲಿ ಇಲ್ಲದ್ದನ್ನ ಇದ್ದು ಹೇಳಲೆ ನನ್ನಿಂದ ಆಗ್ತಿಲ್ಲೆ."

"ಎಲ್ಲದನ್ನೂ ಹಂಗೇ ಹೇಳಕ್ಕು ಹೇಳಿ ಎಂತ ಇದ್ದು?"

ಅವನು ಕೆಟ್ಟವನಲ್ಲ. ಅತ್ತೆಯ ಮೇಲೆ ನಿಜವಾಗಿ ಪ್ರೀತಿಯಿದ್ದವನು. ಅದು ಆವಾಗಲೂ ನನಗೆ ತಿಳಿದಿತ್ತು. ಆದರೂ ನಾನು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಎಂತ ಆಗಲಕ್ಕು ಹೇಳಿ ಪೂರಾ ಗೊತ್ತಾಗದ್ದೆ ಆನು ಕಣ್ಣು ಕೊಡ್ತ್ನಿಲ್ಲೆ. ಇಬ್ರೂ ಜಗಳ ಮಾಡಡಿ."

ಯಲ್ಲಾಪುರದಲ್ಲಿ ಹುಡುಗ ಇಳಿದ. ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿದ, ನನ್ನ ಕಡೆ ನೋಡಿ ತಲೆ ಆಡಿಸಿದ.

ಕೆಲವು ದಿನಗಳ ಮೇಲೆ ಅವರ ಮನೆಯಿಂದ ಸುದ್ದಿ ಬಂತು. ಜಾತಕದ ವಿಷಯ ಏನೋ ಎತ್ತಿದ್ದರು. ಆದರೆ ಸುದ್ದಿ ತಂದವರು ಇನ್ನೊಂದು ಮಾತನ್ನೂ ಬಾಯಿತಪ್ಪಿ ಹೇಳಿಬಿಟ್ಟರು. ಕೂಸು ಕೂತಲ್ಲಿ ಕೂರುವುದಿಲ್ಲ, ಹೇಳಬೇಕಾದ್ದು ಬಿಡಬೇಕಾದ್ದು ಗೊತ್ತಿಲ್ಲ, ಅತ್ತೆಯ ತಲೆ ಕೆಡಿಸಿತು ಎಂದು ಅಲ್ಲಿ ಮಾತಾಯಿತಂತೆ. ಆಯಿ ಅತ್ತಳು. ಅಪ್ಪಯ್ಯ ಎದ್ದು ಅಂಗಳಕ್ಕೆ ಹೋದ. ನನಗೆ ಸಂಬಂಧ ತಪ್ಪಿದ್ದಕ್ಕೆ ಆದ ಬೇಸರ ಬಹಳ ದಿನ ಉಳಿಯಲಿಲ್ಲ. ಉಳಿದದ್ದು, ಕೂತಲ್ಲಿ ಕೂರುವುದಿಲ್ಲ ಎಂಬ ಮಾತು. ಅದು ನಿಜವಾಗಿತ್ತು. ಇನ್ನೊಂದು, ತೆರೆಯದೆ ಉಳಿದ ಆ ಪುಟ. ಅತ್ತೆಯ ಕಣ್ಣು ದಿನದಿಂದ ದಿನಕ್ಕೆ ಮಬ್ಬಾಗುತ್ತಿತ್ತು. ಅವಳು ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಎಲ್ಲರೂ ನನ್ನತ್ತ ಬೆರಳು ತೋರಿಸುತ್ತಿದ್ದರು.

ಕ್ಲಾಸಿಗೆ ಹೋಗುವ ಮುಂಚೆ ದಿನವೂ ಅವಳ ಮನೆಗೆ ಹೋಗತೊಡಗಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ನಾನು ಪಕ್ಕದಲ್ಲಿ ಕೂತು ಮರಳಿ ಆರಿಸುತ್ತಿದ್ದೆ. ಆ ಸಂಬಂಧದ ಸುದ್ದಿಯನ್ನು ಅವಳು ಒಮ್ಮೆ ಮಾತ್ರ ಎತ್ತಿದಳು. "ಅವಂಗೆ ಬೇರೆ ಕೂಸು ಸಿಗ್ತು. ನಿಂಗೂ ಮಾಣಿ ಸಿಗ್ತ. ನಂಗೆ ಓದಿ ಹೇಳಲೆ ಯಾರು ಸಿಗ್ತ?"

ನಾನು ಮಾಲೀಕರ ಬೆನ್ನು ಹತ್ತಿದೆ. ಇಂಟರ್ನೆಟ್ ಹಾಕಿಸಿ ಎಂದು ಬೆಳಿಗ್ಗೆ ಹೇಳಿದೆ, ಸಂಜೆ ಹೇಳಿದೆ, ಕವಳ ಹಾಕುವಾಗ ಹೇಳಿದೆ. ಶಿರಸಿಯಿಂದ ಅದಕ್ಕೆ ಹೋಗಬೇಕೆಂದರೆ ಆಗ ಬೇರೆ ಊರಿನ ನಂಬರಿಗೆ ಎಸ್‌ಟಿಡಿ ಹಚ್ಚಬೇಕಿತ್ತು. ಒಂದು ಪುಟ ತೆರೆಯುವುದೆಂದರೆ ಊರಾಚೆಯ ನೆಂಟರಿಗೆ ಫೋನು ಮಾಡಿ ಮಾತಾಡದೆ ಹಿಡಿದುಕೊಂಡು ಕೂತ ಹಾಗೆ. ಮಾಲೀಕರು ತಲೆ ಕೆರೆದುಕೊಂಡರು. ಆದರೆ ಮಳೆಗಾಲ ಮುಗಿದ ಮೇಲೆ ಒಂದು ದಿನ ಅವರೇ ಮೋಡೆಮ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ತಗ ಬಾಯಿ, ನಿನ್ನ ಮಂಗಳಗ್ರಹ" ಎಂದರು.

ಮೊದಲ ದಿನ ವಿದ್ಯಾರ್ಥಿಗಳೆಲ್ಲ ಕಂಪ್ಯೂಟರಿನ ಸುತ್ತ ಗುಂಪು ಕಟ್ಟಿ ನಿಂತರು. ಬನವಾಸಿ ಕಡೆಯ ಆ ಹುಡುಗಿ ಕುತ್ತಿಗೆ ಉದ್ದ ಮಾಡಿ ನೋಡಿ, "ಚಿತ್ರದಾಗ ಇದ್ದಂಗ ಐತ್ರಿ ಮೇಡಂ" ಎಂದಳು, ಸ್ವಲ್ಪ ನಿರಾಸೆಯಿಂದಲೇ.

ಅವರೆಲ್ಲ ಹೋದ ಮೇಲೆ ಆ ಆಸ್ಪತ್ರೆಯ ಪುಟವನ್ನು ಹುಡುಕಿದೆ. ಅದರ ವಿಳಾಸ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಅದೇ ಪುಟ ಮತ್ತೆ ಸಿಗಲಿಲ್ಲ. ಹುಬ್ಬು, ರೆಪ್ಪೆ, ಗೆರೆ ಗೆರೆಯಾಗಿ ಇಳಿದ ಆ ಚಿತ್ರ ಎಲ್ಲಿಯೋ ಹೋಗಿತ್ತು. ಬೇರೆ ಎರಡು ಮೂರು ಸಿಕ್ಕವು. ಮರುದಿನ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿದೆ. ಕೀವಾಗಬಹುದು. ಬಾವು ಬರಬಹುದು. ಹೊಸ ಮಸೂರದ ಹಿಂದಿನ ತೆಳು ಪದರ ಮಬ್ಬಾಗಬಹುದು. ತೀರ ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಆ ಕೊನೆಯದನ್ನು ಹೇಳುವ ಮುಂಚೆ ಆ ಸಾಲನ್ನು ಎರಡು ಸಲ ಓದಿಕೊಂಡೆ. ಯಲ್ಲಾಪುರದ ಆ ಹುಡುಗ ಹೇಳಿದ್ದೇ ಸರಿಯೇನೋ ಎಂದೂ ಒಂದು ಕ್ಷಣ ಅನ್ನಿಸಿತು. ಆದರೂ ಹೇಳಿದೆ.

ಅತ್ತೆ ಎಲ್ಲ ಕೇಳಿ, "ಮತ್ತೆಂತಾರೂ ಇದ್ದಾ?" ಎಂದಳು.

"ಇಲ್ಲೆ. ಇಷ್ಟೇಯ."

"ಇಷ್ಟೇನಾ? ಆನು ಇದಕ್ಕಿಂತ ಜಾಸ್ತಿ ಎಣಿಸ್ಕಂಡಿದ್ದೆ" ಎಂದಳು. ಸೆರಗು ಕೊಡವಿ ಎದ್ದು, "ಚಳಿ ಹೋಗದ್ರೊಳಗೆ ಮಾಡ್ಸಿಬಿಡನ" ಎಂದಳು.

ಹುಬ್ಬಳ್ಳಿಗೆ ಮತ್ತೆ ನಾನೇ ಕರೆದುಕೊಂಡು ಹೋದೆ. ಅಣ್ಣನ ಮಗನೂ ಬಂದಿದ್ದ. ಅವನಿಗೆ ಅಷ್ಟರಲ್ಲಿ ಬೇರೆ ಕಡೆ ನಿಶ್ಚಯವಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ನಾನು ಎದ್ದು ಓಡಾಡಿದೆ, ಕೂತೆ, ಮತ್ತೆ ಎದ್ದೆ. ಅವನು ಹೊರಗೆ ಹೋಗಿ ಚಾ ತಂದುಕೊಟ್ಟ. "ಎಂತೂ ಆಗ್ತಿಲ್ಲೆ ಹೇಳಲೆ ಈಗ ನಂಗೂ ಹೆದರಿಕೆ" ಎಂದು ನಕ್ಕ. ನಾನೂ ನಕ್ಕೆ. ಆಪರೇಷನ್ನಿನಲ್ಲಿ ಏನೂ ತೊಂದರೆ ಆಗಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿ, "ಇಬ್ರೂ ಸಪೂರ ಆಗಿ ಹೋಯ್ದಿ" ಎಂದಳು.

ಕಪ್ಪು ಕನ್ನಡಕ ತೆಗೆಯುವ ದಿನ ಬಂದ ಮೇಲೆ ಅವಳೇ ಒಂದು ಮಧ್ಯಾಹ್ನ ಕ್ಲಾಸಿಗೆ ಬಂದಳು. ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದ್ದಳು. ಇಂಟರ್ನೆಟ್ಟನ್ನು ತನ್ನ ಕಣ್ಣಲ್ಲೇ ನೋಡಬೇಕಂತೆ. ನಾನು ಡಯಲ್ ಮಾಡಿದೆ. ಪುಟ ಬರಲು ಎಂದಿನಂತೆ ತಡವಾಯಿತು. ಅತ್ತೆ ಪರದೆ ನೋಡಿದಳು. ಅದರಲ್ಲಿ ಏನೂ ಇಲ್ಲದ್ದು ಕಂಡು ಕೋಣೆಯನ್ನು ನೋಡತೊಡಗಿದಳು. ಮೂಲೆ, ತಲೆಯ ಮೇಲಿನ ಮಾಡು, ಸೀರೆ ಹೊದ್ದ ಟೈಪ್‌ರೈಟರು.

"ಈ ಕೋಣೆಗೆ ಸುಣ್ಣ ಹೊಡ್ದು ಎಷ್ಟು ವರ್ಷ ಆತೇ?"

"ಗೊತ್ತಿಲ್ಲೆ ಅತ್ತೆ. ಇಗ, ಬಂತು, ಈಗ ಬಂತು."

"ಅದು ಬಪ್ಪಷ್ಟೊತ್ತಿಗೆ ಆನು ಪೇಟೆಗೆ ಹೋಗಿ ಬರ್ತೆ. ಬದನೆಕಾಯಿ ತರಕಾಗಿತ್ತು" ಎಂದು ಎದ್ದಳು.

ತಡೆಯಬೇಕೆನ್ನುವುದರೊಳಗೆ ಅವಳು ಕೆಳಗಿಳಿದಿದ್ದಳು. ನಾನು ಕುರ್ಚಿಯಿಂದೆದ್ದು ಕಿಟಕಿಗೆ ಓಡಿದೆ. ಬಸ್‌ಸ್ಟ್ಯಾಂಡಿನ ಮುಂದೆ ಎರಡು ಬಸ್ಸು ಒಟ್ಟಿಗೇ ತಿರುಗುತ್ತಿದ್ದವು. ನಡುವೆ ಒಂದು ಟೆಂಪೊ ಹಾರ್ನ್ ಮಾಡುತ್ತಿತ್ತು. ಅತ್ತೆ ರಸ್ತೆಯಂಚಿನಲ್ಲಿ ನಿಂತು ಆಚೆ ನೋಡಿದಳು, ಈಚೆ ನೋಡಿದಳು, ಬಸ್ಸಿನ ಬೋರ್ಡನ್ನು ತಲೆಯೆತ್ತಿ ಓದಿದಳು. ಅದು ಹೋಗುವವರೆಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರ ಕೈಯನ್ನೂ ಹಿಡಿಯದೆ ದಾಟಿದಳು.

"ಮೇಡಂ, ಲೈನ್ ಹೋತ್ರಿ" ಎಂದು ಒಳಗಿನಿಂದ ಯಾರೋ ಕೂಗಿದರು. ನಾನು ವಾಪಸು ಬಂದು ಮತ್ತೆ ಡಯಲ್ ಮಾಡಿದೆ.